ಎಡಕ್ಕೆ ಮೂರು ಎಳೆ

ನಮ್ಮ ಊರಿನಲ್ಲಿ ಬೆಳಿಗ್ಗೆ ಎದ್ದವರು ಹಲ್ಲುಜ್ಜುವುದಕ್ಕೂ ಮೊದಲು ಕೇಳುವ ಮಾತು "ಇವತ್ತು ಎಷ್ಟು?" ಎಂಬುದು. ಎಡಕ್ಕೆ ಎರಡು ಎಳೆ, ಬಲಕ್ಕೆ ನಾಲ್ಕು ಎಳೆ, ಹೀಗೆ ಏನಾದರೊಂದು ಉತ್ತರ ಬರುತ್ತದೆ. ವರ್ಷಕ್ಕೆ ಏಳೆಂಟು ದಿನ ಸಮ. ಎಡ ಅಂದರೆ ಕೆರೆಯ ಕಡೆ, ಬಲ ಅಂದರೆ ಗುಡ್ಡದ ಕಡೆ. ಊರು ಆ ದಿನ ಯಾವ ಕಡೆಗೆ ಎಷ್ಟು ವಾಲಿದೆ ಎಂದು ತಿಳಿಯದೆ ಯಾರೂ ಒಲೆಯ ಮೇಲೆ ಪಾತ್ರೆ ಇಡುವುದಿಲ್ಲ. ಪ್ರತಿ ಮನೆಯ ಬಾಗಿಲ ಹಿಂದೆಯೂ ಒಂದು ಚೀಲ ನೇತಾಡುತ್ತಿರುತ್ತದೆ. ಅದರ ತುಂಬ ಹುಣಸೆಮರದ ಬೆಣೆಗಳು, ಒಂದೊಂದೂ ಒಂದು ಎಳೆ ದಪ್ಪ. ಎಡಕ್ಕೆ ಎರಡು ಎಂದರೆ ಮಂಚ, ಮೇಜು, ಒಲೆ, ತೊಟ್ಟಿಲು, ಎಲ್ಲದರ ಎಡಗಾಲಿನ ಕೆಳಗೂ ಎರಡೆರಡು ಬೆಣೆ. ಹೊರಗಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ತಿಂಗಳು ದೋಸೆ ಹುಯ್ಯುವಾಗ ಅಳುತ್ತಾರೆ. ಎರಡನೆಯ ತಿಂಗಳಿಗೆ ಅವರ ಕೈಯೂ ತಾನಾಗಿ ಚೀಲಕ್ಕೆ ಹೋಗುತ್ತದೆ. ನಾನೂ ಹಾಗೆ ಅತ್ತವಳೇ.

ವಾಲು ಎಷ್ಟು ಎಂದು ಊರಿಗೆ ಹೇಳುವವರು ಹೊಂಬಾಳಮ್ಮ. ಚಾವಡಿಯ ಮುಂದೆ ಒಂದು ಕಲ್ಲಿದೆ, ಕಲ್ಲಿನ ಮೇಲೆ ಅಂಗೈ ಅಗಲದ ಒಂದು ಕಂಚಿನ ಬಟ್ಟಲು. ಬಟ್ಟಲಿನ ಒಳಮೈಯಲ್ಲಿ ಕೂದಲಿನಷ್ಟು ತೆಳ್ಳಗೆ ಗೆರೆಗಳನ್ನು ಕೊರೆದಿದ್ದಾರೆ. ನೀರು ತುಂಬಿಸಿ, ಅದು ಅಲುಗಾಡುವುದು ನಿಲ್ಲುವ ತನಕ ಕಾದು, ಯಾವ ಬದಿಯಲ್ಲಿ ಎಷ್ಟನೆಯ ಗೆರೆಗೆ ಹತ್ತಿದೆ ಎಂದು ನೋಡಿ ಹೇಳಬೇಕು. ಕೇಳುವುದಕ್ಕೆ ಸುಲಭ. ಆದರೆ ನೀರು ಅಂಚಿನಲ್ಲಿ ಸ್ವಲ್ಪ ಮೇಲಕ್ಕೆ ಹತ್ತಿಕೊಂಡು ನಿಲ್ಲುತ್ತದೆ, ಬೆಳಕು ಆಟ ಆಡಿಸುತ್ತದೆ, ಕಣ್ಣು ಒಂದು ಚೂರು ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ. ಹೊಂಬಾಳಮ್ಮ ಮೂವತ್ತೆಂಟು ವರ್ಷ ಈ ಕೆಲಸ ಮಾಡಿದ್ದಾರೆ, ಒಂದು ದಿನವೂ ತಪ್ಪು ಹೇಳಿದವರಲ್ಲ. ಅವರು ನೋಡುವಾಗ ಉಳಿದವರು ಬಟ್ಟಲಿನ ಕಡೆ ತಿರುಗಿಯೂ ನೋಡುವ ಹಾಗಿಲ್ಲ. ಇಬ್ಬರು ಇಣುಕಿದರೆ ಊರು ಯಾರ ಮಾತು ಕೇಳಬೇಕೆಂದು ತಿಳಿಯದೆ ಅಲ್ಲೇ ಮಗುಚಿಕೊಳ್ಳುತ್ತದೆ ಎಂದು ನಮ್ಮವರ ನಂಬಿಕೆ. ಹಾಗಾಗಿ ಎಲ್ಲರೂ ಅವರ ಮುಖ ನೋಡುತ್ತಾ ನಿಲ್ಲುತ್ತಾರೆ. ಅವರು ತಲೆ ಎತ್ತಿ ಹೇಳಿದ ಅಂಕಿಯೇ ಅಂಕಿ.

ನಾನು ಪಂಕಜ. ಊರಿನ ಆಸ್ಪತ್ರೆಯಲ್ಲಿ ಎಂ.ಆರ್.ಐ. ಯಂತ್ರ ನಡೆಸುತ್ತೇನೆ, ಹದಿನಾಲ್ಕು ವರ್ಷದಿಂದ. ಯಂತ್ರ ಬಂದ ಹೊಸದರಲ್ಲಿ ಅದನ್ನು ಕೂರಿಸಿದ ಕಂಪನಿಯವರು ಒಂದು ವಾರ ತಲೆ ಚಚ್ಚಿಕೊಂಡರು. ಒಂದು ದಿನ ತೆಗೆದ ಮೆದುಳಿನ ಚಿತ್ರದಲ್ಲಿ ಎಡಭಾಗ ಊದಿದ ಹಾಗೆ, ಸ್ವಲ್ಪ ಬಿಳಿಚಿದ ಹಾಗೆ ಕಾಣುತ್ತಿತ್ತು. ಮರುದಿನ ಅದೇ ಮನುಷ್ಯನ ಬಲಭಾಗ ಊದಿರುತ್ತಿತ್ತು. ಊರು ಎಡಕ್ಕೆ ವಾಲಿದ ದಿನ ಚಿತ್ರದ ಬಲಪಕ್ಕ, ಬಲಕ್ಕೆ ವಾಲಿದ ದಿನ ಎಡಪಕ್ಕ. ಇಷ್ಟು ದೊಡ್ಡ ಯಂತ್ರದ ಕೆಳಗೆ ಬೆಣೆ ಇಡುವುದು ಸಾಧ್ಯವಿಲ್ಲವಲ್ಲ. ಕೊನೆಗೆ ಅವರು ಕಂಪ್ಯೂಟರಿನಲ್ಲಿ ಒಂದು ಸಣ್ಣ ಚೌಕ ಮಾಡಿಕೊಟ್ಟು ಹೋದರು. ಅದರಲ್ಲಿ ಆ ದಿನದ ವಾಲು ತುಂಬಿದರೆ ಯಂತ್ರ ತಾನೇ ಅಷ್ಟನ್ನು ಕಳೆದು ಸಮವಾದ ಚಿತ್ರ ಕೊಡುತ್ತದೆ. ಅಂಕಿಯನ್ನು ಮೊದಲೇ ತುಂಬಬೇಕು, ಚಿತ್ರ ಮುಗಿದ ಮೇಲೆ ಬದಲಾಯಿಸಲು ಬರುವುದಿಲ್ಲ. ಬೆಳಿಗ್ಗೆ ಚಾವಡಿಯಲ್ಲಿ ಹೊಂಬಾಳಮ್ಮ ಕೂಗುತ್ತಾರೆ, ಎಂಟೂವರೆಗೆ ನಾನು ಚೌಕದಲ್ಲಿ ತುಂಬುತ್ತೇನೆ. ನನ್ನ ಚಿತ್ರಗಳು ಜಿಲ್ಲೆಯ ದೊಡ್ಡ ಆಸ್ಪತ್ರೆಯ ಚಿತ್ರಗಳಿಗಿಂತ ನೆಟ್ಟಗಿರುತ್ತವೆ ಎಂದು ಡಾಕ್ಟರ್ ಮುನವ್ವರ್ ಒಮ್ಮೆ ಹೇಳಿದ್ದರು. ಆ ಮಾತನ್ನು ನಾನು ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಕೊಟ್ಟಿದ್ದೇನೆ.

ಹೊಂಬಾಳಮ್ಮ ಬಿದ್ದದ್ದು ಒಂದು ಭಾನುವಾರ, ಬಟ್ಟಲು ತೊಳೆಯುವಾಗ. ಎಡಗೈಯಿಂದ ಬಟ್ಟಲು ಜಾರಿತು, ಅದನ್ನು ಹಿಡಿಯಲು ಹೋಗಿ ತಾವೂ ಕುಸಿದರು. ಮಾತು ಸ್ವಲ್ಪ ತೊದಲುತ್ತಿತ್ತು. ಮಗಳು ಪುಟ್ಟಗೌರಿ ಆಟೋದಲ್ಲಿ ಹಾಕಿಕೊಂಡು ಬಂದಳು. ಸಿ.ಟಿ. ಸ್ಕ್ಯಾನಿನಲ್ಲಿ ಬಲಭಾಗದ ಮೆದುಳಿನಲ್ಲಿ ಅವರೆಕಾಳಿನಷ್ಟು ದೊಡ್ಡ ರಕ್ತದ ಚುಕ್ಕೆ ಕಂಡಿತು. ರಕ್ತದೊತ್ತಡ ಏರಿ ಸಣ್ಣ ನಾಳವೊಂದು ಒಡೆದಿತ್ತು. "ಸಣ್ಣದು, ಆಪರೇಷನ್ ಬೇಡ" ಎಂದರು ಡಾಕ್ಟರ್ ಮುನವ್ವರ್. "ಆದ್ರೆ ರಕ್ತ ನಿಂತ ಮಾತ್ರಕ್ಕೆ ಮುಗೀಲಿಲ್ಲ ಗೌರಮ್ಮ. ಆ ಚುಕ್ಕೆ ಸುತ್ತ ಮೆದುಳು ನಿಧಾನಕ್ಕೆ ಊದ್ಕೊಳ್ಳಬಹುದು. ಮೂರು ನಾಲ್ಕು ದಿನ ಆದ್ಮೇಲೂ ಊದತ್ತೆ. ಶುರುವಿನಲ್ಲಿ ಸಿ.ಟಿ.ಲಿ ಕಾಣಲ್ಲ. ನಾಲ್ಕನೇ ದಿನ ಎಂ.ಆರ್.ಐ. ಮಾಡಿ ನೋಡೋಣ. ಊತ ಇಲ್ಲ ಅಂದ್ರೆ ಮನೆಗೆ ಕರ್ಕೊಂಡು ಹೋಗಿ." ಗೌರಿ ತಲೆಯಾಡಿಸಿದಳು. ಆಮೇಲೆ ಅವಳು ಕೇಳಿದ್ದು ಒಂದೇ ಮಾತು: "ನಾಳೆ ಊರಿಗೆ ಅಂಕಿ ಯಾರು ಹೇಳ್ತಾರೆ ಸಾರ್?"

ಹೇಳಿದ್ದು ಹೊಂಬಾಳಮ್ಮನೇ. ಬಟ್ಟಲನ್ನು ಆಸ್ಪತ್ರೆಗೆ ತಂದರು. ವಾರ್ಡಿನ ಕಿಟಕಿಯ ಕೆಳಗೆ ಒಂದು ಕಲ್ಲು ಚಪ್ಪಡಿ ಹಾಕಿಸಿದರು. ಬೆಳಿಗ್ಗೆ ಎಂಟಕ್ಕೆ ನರ್ಸ್ ಅವರನ್ನು ಎಬ್ಬಿಸಿ ಕೂರಿಸುತ್ತಿದ್ದಳು, ಗೌರಿ ಮುಖ ಆ ಕಡೆ ತಿರುಗಿಸಿಕೊಂಡು ಬಟ್ಟಲಿಗೆ ನೀರು ಹುಯ್ಯುತ್ತಿದ್ದಳು, ಅಮ್ಮ ನೋಡಿ ಹೇಳುತ್ತಿದ್ದರು. ಕಿಟಕಿಯ ಹೊರಗೆ ಊರಿನ ಜನ ಕಾಯುತ್ತಿರುತ್ತಿದ್ದರು. ಸೋಮವಾರ ಬಲಕ್ಕೆ ಎರಡು, ಮಂಗಳವಾರ ಬಲಕ್ಕೆ ಒಂದು. ಎರಡು ದಿನವೂ ಊರಿನ ಹಾಲು ಪಾತ್ರೆಯಲ್ಲಿ ಕದಲದೆ ನಿಂತಿತ್ತು. ಮೆದುಳಿನಲ್ಲಿ ರಕ್ತ ಸೋರಿದರೂ ಹೊಂಬಾಳಮ್ಮನ ಕಣ್ಣು ಸೋಲಲಿಲ್ಲ ಎಂದು ಊರಿಗೆ ಹೆಮ್ಮೆಯೋ ಹೆಮ್ಮೆ. ನನಗೂ ಅಷ್ಟೇ.

ಬುಧವಾರ ಅವರು ಬಟ್ಟಲನ್ನು ಎಂದಿಗಿಂತ ಹೆಚ್ಚು ಹೊತ್ತು ನೋಡಿದರಂತೆ. ಆಮೇಲೆ "ಎಡಕ್ಕೆ ಮೂರು" ಎಂದರಂತೆ. ಒಂದೇ ರಾತ್ರಿಯಲ್ಲಿ ಬಲದಿಂದ ಎಡಕ್ಕೆ ನಾಲ್ಕು ಎಳೆ ತಿರುಗುವುದು ಅಪರೂಪ. ಆದರೂ ಹಿಂದೆ ಆಗದೆ ಇರುವಂಥದ್ದೇನಲ್ಲ. ಜನ ಚೀಲದಿಂದ ಬೆಣೆ ತೆಗೆದರು. ನಾನು ಚೌಕದಲ್ಲಿ ಎಡ ಮೂರು ಎಂದು ತುಂಬಿದೆ. ಒಂಬತ್ತು ಗಂಟೆಗೆ ಹೊಂಬಾಳಮ್ಮನನ್ನು ತಳ್ಳುಗಾಡಿಯಲ್ಲಿ ಕರೆತಂದರು. ಬಳೆ, ಓಲೆ, ತಲೆಯ ಪಿನ್ನು, ಎಲ್ಲ ಬಿಚ್ಚಿಸಿದೆ. "ಟಕಟಕ ಅಂತ ಸದ್ದು ಬರತ್ತೆ ಅಮ್ಮ, ಹೆದರ್ಕೋಬೇಡಿ. ಅಲ್ಲಾಡಬಾರದು ಅಷ್ಟೇ" ಎಂದೆ. "ಮೂವತ್ತೆಂಟು ವರ್ಷ ಅಲ್ಲಾಡದೆ ನಿಂತಿದೀನಿ ಕಣೆ, ಇಪ್ಪತ್ತು ನಿಮಿಷ ಮಲಗಕ್ಕೆ ಕಷ್ಟನಾ?" ಎಂದು ನಕ್ಕರು. ನಗುವಾಗ ತುಟಿ ಬಲಕ್ಕೆ ಎಳೆಯುತ್ತಿತ್ತು, ಅದು ಮೊದಲ ದಿನದಿಂದಲೇ ಇತ್ತು. ತಲೆ ಭಾರ ಎಂದರು. ನಾಲ್ಕು ದಿನ ಆಸ್ಪತ್ರೆಯಲ್ಲಿ ಮಲಗಿದರೆ ಯಾರ ತಲೆಯೂ ಭಾರವೇ ಎಂದುಕೊಂಡೆ.

ಚಿತ್ರ ಬಂದಿತು. ಚುಕ್ಕೆ ಇದ್ದಲ್ಲಿಯೇ ಇತ್ತು. ಅದರ ಸುತ್ತ ತೆಳ್ಳನೆಯ ಬಿಳಿ ಅಂಚು, ಅಷ್ಟು ಇದ್ದೇ ಇರುತ್ತದೆ. ಎರಡೂ ಪಕ್ಕದ ಮಡಿಕೆಗಳು ಒಂದೇ ಅಗಲ, ನಡುಗೆರೆ ದಾರ ಹಿಡಿದು ಎಳೆದ ಹಾಗೆ. ಅಷ್ಟು ಸಮವಾದ ಚಿತ್ರ ಆ ತಿಂಗಳಲ್ಲಿ ನಾನು ತೆಗೆದಿರಲಿಲ್ಲ. ಡಾಕ್ಟರ್ ಮುನವ್ವರ್ ಬಂದು ನನ್ನ ಹಿಂದೆ ನಿಂತು ನೋಡಿದರು. "ಚೆನ್ನಾಗಿದೆ ಪಂಕಜಮ್ಮ. ಊತ ಇಲ್ಲ. ಮಧ್ಯಾಹ್ನ ಕಳಿಸ್ಬಿಡೋಣ" ಎಂದರು. ಸುದ್ದಿ ವಾರ್ಡಿಗೆ ಹೋಗುವ ಮೊದಲೇ ಕಿಟಕಿಯ ಹೊರಗಿನ ಜನರಿಗೆ ಹೋಗಿತ್ತು. ಹನ್ನೆರಡು ಗಂಟೆಗೆ ಹೊಂಬಾಳಮ್ಮ, ಬಟ್ಟಲು, ಗೌರಿ, ಮೂವರೂ ಒಂದೇ ಆಟೋದಲ್ಲಿ ಮನೆಗೆ ಹೋದರು.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ನಾನು ಶೇಷಪ್ಪನ ಹೋಟೆಲಿಗೆ ಟೀ ಕುಡಿಯಲು ಹೋದೆ. ದಿನವೂ ಹೋಗುತ್ತೇನೆ, ಮನೆಗೆ ಹೋದರೆ ಟೀ ನಾನೇ ಮಾಡಬೇಕಲ್ಲ. ಆ ದಿನ ಒಳಗೆ ಕೂತಿದ್ದ ಎಂಟು ಹತ್ತು ಜನ ಯಾರೂ ಗ್ಲಾಸನ್ನು ಮೇಜಿನ ಮೇಲೆ ಇಟ್ಟಿರಲಿಲ್ಲ. ಎಲ್ಲರೂ ಕೈಯಲ್ಲೇ ಹಿಡಿದುಕೊಂಡು, ಮುಖ ಗಂಟಿಕ್ಕಿಕೊಂಡು, ಒಬ್ಬರನ್ನೊಬ್ಬರು ನೋಡದೆ ಕುಡಿಯುತ್ತಿದ್ದರು. ನನ್ನ ಮುಂದೆ ಇಟ್ಟ ಗ್ಲಾಸು ಗುಡ್ಡದ ಕಡೆಗೆ ಒಂದು ಗೇಣು ಜಾರಿತು. ಮೇಜಿನ ಎಡಗಾಲುಗಳ ಕೆಳಗೆ ಮೂರು ಮೂರು ಬೆಣೆ ಸರಿಯಾಗಿಯೇ ಇದ್ದವು. ಕಾವಲಿಯ ಮೇಲೆ ಹುಯ್ದ ಹಿಟ್ಟು ಬಲಕ್ಕೆ ಹರಿದು ದೋಸೆಯ ಒಂದು ಅಂಚು ದಪ್ಪ, ಇನ್ನೊಂದು ಅಂಚು ಕರಕಲು. ಶೇಷಪ್ಪ ಅದನ್ನು ಮಡಚಿ ತಟ್ಟೆಗೆ ಹಾಕಿ, ಏನೂ ಆಗದವನ ಹಾಗೆ ಮುಂದಿನದಕ್ಕೆ ಹಿಟ್ಟು ತೆಗೆದುಕೊಂಡ.

"ಶೇಷಪ್ಪ, ಇವತ್ತಿನ ಅಂಕಿ ಸರಿ ಇಲ್ವಲ್ಲ" ಎಂದೆ. "ಹೊಂಬಾಳಮ್ಮ ಹೇಳಿದ್ಮೇಲೆ ಮುಗೀತಲ್ಲ ತಾಯಿ" ಎಂದ ಅವನು. "ಹೊಸ ಗ್ಲಾಸು, ತಳ ನುಣ್ಣಗಿದೆ, ಅದಕ್ಕೇ ಜಾರ್ತವೆ." "ಹಿಟ್ಟಿನ ತಳವೂ ನುಣ್ಣಗಿದ್ಯಾ?" ಅವನು ಕಾವಲಿಗೆ ನೀರು ಚಿಮುಕಿಸಿದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಕಾಣತ್ತೆ ಪಂಕಜಮ್ಮ. ಬೆಳಗ್ಗೆಯಿಂದ ಕಾಣತ್ತೆ. ಆಯಮ್ಮ ಹುಷಾರಿಲ್ದೆ ಮಲಗಿ ಎದ್ದು ಒಂದು ದಿನ ತಪ್ಪು ಹೇಳಿದ್ರೆ ಊರು ಮುಳುಗಿ ಹೋಗತ್ತಾ? ಕಂಡಿದ್ದೆಲ್ಲ ಬಾಯಿಬಿಟ್ಟು ಹೇಳಕ್ಕಾಗತ್ತಾ? ಒಂದು ದಿನ ಗ್ಲಾಸು ಕೈಲಿ ಹಿಡ್ಕೊಂಡ್ರೆ ಕೈಯೇನೂ ಸವೆಯಲ್ಲ."

ಒಳ್ಳೆಯ ಮಾತೇ. ಬೆಳಗಿನಿಂದ ಇಡೀ ಊರು ಅದೇ ಒಳ್ಳೆಯತನ ಮಾಡಿತ್ತು. ನಾನೂ ಮಾಡಿದ್ದೆ: ಬೆಳಿಗ್ಗೆ ಮನೆಯಲ್ಲಿ ಕಾಫಿ ಲೋಟ ಜಾರಿದಾಗ ಮೇಜು ಒರೆಸಿದ ನೀರು ಆರಿಲ್ಲ ಎಂದುಕೊಂಡು ಎದ್ದು ಬಂದಿದ್ದೆ. ಊರು ಸಮವಾಗಿತ್ತು, ಎಲ್ಲರಿಗೂ ಗೊತ್ತಿತ್ತು. ಹೊಂಬಾಳಮ್ಮನಿಗೆ ಮಾತ್ರ ಎಡಕ್ಕೆ ಮೂರು ಎಳೆ ವಾಲಿ ಕಂಡಿತ್ತು. ಮೂವತ್ತೆಂಟು ವರ್ಷ ತಪ್ಪದ ಕಣ್ಣು ಇದ್ದಕ್ಕಿದ್ದಂತೆ ಮೂರು ಎಳೆ ಹೇಗೆ ತಪ್ಪಿತು? ಟೀ ಗ್ಲಾಸು ಕೈಯಲ್ಲೇ ಇತ್ತು. ಊರು ಎಡಕ್ಕೆ ವಾಲಿದಾಗ ಚಿತ್ರದ ಬಲಪಕ್ಕ ಊದಿದಂತೆ ಕಾಣುತ್ತದೆ. ಅದನ್ನು ಕಳೆಯಲು ನಾನು ಅಂಕಿ ತುಂಬುತ್ತೇನೆ. ಊರು ವಾಲಿರದೆ ಇದ್ದರೆ? ಬಲಪಕ್ಕ ನಿಜವಾಗಿಯೇ ಊದಿದ್ದರೆ? ಆಕೆಯ ತಲೆಯೊಳಗಿನ ಊತವೇ ಆಕೆಗೆ ಊರನ್ನು ವಾಲಿಸಿ ತೋರಿಸಿತ್ತು. ಅಷ್ಟೇ ಅಂಕಿಯನ್ನು ಆಕೆ ಹೇಳಿದರು, ಅಷ್ಟನ್ನೇ ನಾನು ಕಳೆದೆ. ರೋಗವನ್ನು ರೋಗಿಯ ಬಾಯಿಂದಲೇ ಕೇಳಿಸಿಕೊಂಡು, ಚಿತ್ರದಿಂದ ಒರೆಸಿ ಹಾಕಿ, ಸಮವಾಗಿದೆ ಎಂದು ಬೀಗಿದ್ದೆ. ಗ್ಲಾಸು ಇಟ್ಟೆ, ಅದು ಜಾರಿ ಕೆಳಗೆ ಬಿದ್ದು ಒಡೆಯಿತು. ತಿರುಗಿ ನೋಡದೆ ಹೊರಟೆ.

ದಾರಿಯಲ್ಲೇ ಡಾಕ್ಟರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು "ನಾನೂ ನೋಡ್ದೆ, ನಾನೂ ಸಮ ಅಂದೆ" ಎಂದರು. "ಈಗ ಅದೆಲ್ಲ ಬೇಡ. ಕರ್ಕೊಂಡು ಬನ್ನಿ. ನಡೆಯೋಕೆ ಬಿಡಬೇಡಿ, ಮಲಗಿಸಿಕೊಂಡು ಬನ್ನಿ. ನಾನು ಆಂಬುಲೆನ್ಸ್ ಕಳಿಸ್ತೀನಿ. ಯಂತ್ರ ಆನ್ ಮಾಡಿಸಿರ್ತೀನಿ."

ಹೊಂಬಾಳಮ್ಮನ ಮನೆ ಚಾವಡಿಯ ಹಿಂದಿನ ಬೀದಿಯಲ್ಲಿ. ಅವರು ನಡುಮನೆಯ ಮಂಚದ ಮೇಲೆ ದಿಂಬಿಗೆ ಒರಗಿಕೊಂಡಿದ್ದರು. ಮಂಚದ ಎಡಗಾಲುಗಳ ಕೆಳಗೆ ಮೂರು ಮೂರು ಬೆಣೆ. ಪಕ್ಕದ ಸ್ಟೂಲಿನ ಮೇಲೆ ಊಟದ ತಟ್ಟೆ ಹಾಗೆಯೇ ಇತ್ತು. ತಟ್ಟೆಯ ಬಲಭಾಗದ ಅನ್ನ ಪೂರ್ತಿ ಖಾಲಿ, ಎಡಭಾಗದ ಅನ್ನ ಮುಟ್ಟದೆ ಬಿಟ್ಟಿದ್ದರು, ನಡುವೆ ಗೆರೆ ಎಳೆದ ಹಾಗೆ; ಬಲಮೆದುಳಿಗೆ ಪೆಟ್ಟಾದವರಿಗೆ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. "ಏನಿದು ಗೌರಿ?" ಎಂದೆ. "ಆಸ್ಪತ್ರೆ ಊಟ ಉಂಡು ಉಂಡು ಬಾಯಿ ರುಚಿ ಕೆಟ್ಟಿದೆ ಅಕ್ಕ. ಬರೀ ನಿದ್ದೆ ನಿದ್ದೆ ಅಂತಾರೆ. ತಲೆನೋವು ಬೇರೆ" ಎಂದಳು. ನಾನು ಸುತ್ತು ಬಳಸಿ ಮಾತಾಡುವವಳಲ್ಲ. ಆ ದಿನ ಸುತ್ತು ಬಳಸುವಷ್ಟು ಸಮಯವೂ ಇರಲಿಲ್ಲ. "ಮತ್ತೆ ಸ್ಕ್ಯಾನ್ ಮಾಡ್ಬೇಕು. ಬೆಳಗ್ಗೆ ಅಮ್ಮ ಹೇಳಿದ ಅಂಕಿ ತಪ್ಪು. ಅದನ್ನ ತುಂಬಿದ್ರಿಂದ ಚಿತ್ರವೂ ತಪ್ಪಾಗಿದೆ" ಎಂದೆ.

ಗೌರಿಯ ಮುಖ ಕೆಂಪಾಯಿತು. "ಏನಂದ್ರಿ? ಅಮ್ಮನ ಅಂಕಿ ತಪ್ಪಾ? ನಿಮ್ಮ ಯಂತ್ರ ಕೆಟ್ಟಿದ್ರೆ ಯಂತ್ರ ಕೆಟ್ಟಿದೆ ಅನ್ನಿ ಪಂಕಜಕ್ಕ. ಮೂವತ್ತೆಂಟು ವರ್ಷದಲ್ಲಿ ಈ ಮನೆ ಹೊಸ್ತಿಲಲ್ಲಿ ನಿಂತು ಯಾರೂ ಈ ಮಾತು ಆಡಿಲ್ಲ. ಆಯಮ್ಮಂಗೆ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೊಳ್ಳಕ್ಕೆ ಬಂದ್ರಾ?" ಅವಳ ಕಣ್ಣಲ್ಲಿ ನೀರು. ನಾನು ಅವಳ ಕೈ ಹಿಡಿದುಕೊಂಡೆ. "ಯಂತ್ರ ಸರಿಯಾಗೇ ಇದೆ ಗೌರಿ. ತಪ್ಪು ಮಾಡಿದ್ದು ನಾನು. ಮಲಗಿರೋರ ತಲೆ ನೋಡಕ್ಕೆ ಮಲಗಿರೋರನ್ನೇ ಅಂಕಿ ಕೇಳ್ದೆ. ಅದಕ್ಕೆ ನೀನು ಎಷ್ಟು ಬೈದ್ರೂ ಬೈಸ್ಕೋತೀನಿ, ಆಸ್ಪತ್ರೆಲಿ ಬೈ. ಈಗ ಹೊರಡು."

"ಯಾಕೆ ಕೂಗಾಡ್ತೀರಿ ಇಬ್ರೂ?" ಎಂದರು ಹೊಂಬಾಳಮ್ಮ. ಅವರು ಎಚ್ಚರವಾಗಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು, ಆದರೆ ದನಿ ಚಾವಡಿಯ ದನಿಯೇ. "ಗೌರಿ, ಬಟ್ಟಲು ತಗೊಂಡ್ಬಾ. ನೀರು ಹುಯ್ಯಿ." ಅವಳು ತಂದಳು. ನೆಲಗಟ್ಟಿನ ಮೇಲೆ ಒಂದು ಚಪ್ಪಡಿ ಇತ್ತು, ಮನೆಯಲ್ಲಿ ಅಭ್ಯಾಸಕ್ಕೆಂದು ಇಟ್ಟುಕೊಂಡಿದ್ದು. ಅದರ ಮೇಲೆ ಇಟ್ಟು ನೀರು ಹುಯ್ದು ಮುಖ ತಿರುಗಿಸಿಕೊಂಡಳು. ನಾನೂ ತಿರುಗಿಸಿಕೊಂಡೆ, ಇಪ್ಪತ್ತು ವರ್ಷದ ಅಭ್ಯಾಸ. ಹೊಂಬಾಳಮ್ಮ ಮಂಚದ ಅಂಚಿನಿಂದ ಬಗ್ಗಿ ಬಹಳ ಹೊತ್ತು ನೋಡಿದರು. "ಎಡಕ್ಕೆ ಮೂರು. ಮೂರೂ ಅಲ್ಲ, ನಾಲ್ಕಾಗ್ತಾ ಬಂದಿದೆ" ಎಂದರು. ಆಮೇಲೆ, "ಪಂಕಜ, ನೀನು ನೋಡು."

ಗೌರಿ ಬೆಚ್ಚಿಬಿದ್ದಳು. "ಅಮ್ಮಾ, ಇಬ್ಬರು ನೋಡಬಾರದು!" "ಊರು ಮಗುಚಿದ್ರೆ ನಾನು ನೋಡ್ಕೋತೀನಿ. ನೀನು ನೋಡೇ ಪಂಕಜ. ಹದಿನಾಲ್ಕು ವರ್ಷದಿಂದ ಜನರ ತಲೆಬುರುಡೆ ಒಳಗೆ ಎಳೆ ಎಳೆ ಅಳೀತೀಯಲ್ಲ, ಇಷ್ಟು ಕಾಣಲ್ವಾ?" ನಾನು ಮಂಡಿಯೂರಿ ಕೂತೆ. ಹೆದರಿಕೆಯಾಗಿದ್ದು ಸುಳ್ಳಲ್ಲ. ಊರು ಮಗುಚೀತೆಂದು ಒಂದು ಪಾಲು, ನನ್ನ ಕಣ್ಣೂ ತಪ್ಪು ಹೇಳೀತೆಂದು ಮೂರು ಪಾಲು. ನಾನು ತಪ್ಪಿದರೆ ಚೆನ್ನಾಗಿರುವ ಮೆದುಳು ಊದಿದ ಹಾಗೆ ಕಾಣುತ್ತದೆ, ಬೇಡದ ಔಷಧಿ ಏರಿಸುತ್ತಾರೆ. ಉಸಿರು ಹಿಡಿದು ನೋಡಿದೆ. ನೀರು ಎರಡೂ ಬದಿಯಲ್ಲಿ ಒಂದೇ ಗೆರೆಯನ್ನು ಮುಟ್ಟಿ ನಿಂತಿತ್ತು. ಸುತ್ತ ತಿರುಗಿ ಆ ಕಡೆಯಿಂದಲೂ ನೋಡಿದೆ.

"ಎಷ್ಟು ಕಾಣತ್ತೆ?" ಎಂದರು. ಆ ಒಂದು ಮಾತು ಹೇಳುವುದು ಎಷ್ಟು ಕಷ್ಟವಾಯಿತೆಂದರೆ, ಬೇರೆ ಯಾರಾದರೂ ಹೇಳಲಿ ಎಂದು ನಾನು ಗೌರಿಯ ಕಡೆ ನೋಡಿದೆ. ಅವಳು ಅಷ್ಟರಲ್ಲಿ ಬಗ್ಗಿ ಬಟ್ಟಲು ನೋಡುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಸಮ ಅಮ್ಮ" ಎಂದಳು. ನಾನೂ ಹೇಳಿದೆ, "ಸಮ."

ಹೊಂಬಾಳಮ್ಮ ಬಟ್ಟಲನ್ನೇ ನೋಡುತ್ತಾ ಕೂತಿದ್ದರು. ಇಷ್ಟು ವರ್ಷ ಅವರ ಮುಖ ನೋಡಿ ಅಂಕಿ ಓದಿದ ನಮಗೆ ಆಗ ಆ ಮುಖದಲ್ಲಿ ಏನೂ ಓದಲಾಗಲಿಲ್ಲ. "ಹಂಗಾದ್ರೆ ವಾಲಿರೋದು ನಾನು" ಎಂದರು ಕೊನೆಗೆ. ಆಮೇಲೆ ಬಲಗೈ ಚಾಚಿದರು. "ಏಳ್ಸಿ ನನ್ನ. ಊರಿನೋರೆಲ್ಲ ಬೆಳಗ್ಗೆಯಿಂದ ಮೂರು ಬೆಣೆ ಇಟ್ಕೊಂಡು ಕೂತಿದಾರಾ? ಒಬ್ಬರಿಗಾದ್ರೂ ಬಾಯಿ ಇಲ್ವಾ? ಮೊದ್ಲು ತೆಗೆಸ್ರಿ ಅದನ್ನ." ಆಂಬುಲೆನ್ಸ್ ಬಾಗಿಲಿಗೆ ಬಂದಿತ್ತು. ಮಲಗಿಸಿಕೊಂಡು ಹೋಗುವಾಗ ಬೀದಿಯಲ್ಲಿ ನಿಂತಿದ್ದವರಿಗೆಲ್ಲ ಕೇಳುವಂತೆ ಅವರೇ ಕೂಗಿದರು: "ಇವತ್ತು ಸಮ! ಬೆಣೆ ತೆಗೀರಿ!" ಜನ ಒಳಕ್ಕೆ ಓಡಿದ ರಭಸ ನೋಡಿದರೆ ಬೆಳಿಗ್ಗೆಯಿಂದ ಅಪ್ಪಣೆಗಾಗಿಯೇ ಕಾಯುತ್ತಿದ್ದರೆಂದು ಕಾಣುತ್ತಿತ್ತು.

ಆಸ್ಪತ್ರೆಯಲ್ಲಿ, ಚೌಕದಲ್ಲಿ ಸೊನ್ನೆ ತುಂಬಿದೆ. ತುಂಬುವ ಮೊದಲು, ಬೆಣೆ ತೆಗೆದ ಮೇಜಿನ ಮೇಲೆ ಒಂದು ಲೋಟ ನೀರಿಟ್ಟು ಮತ್ತೊಮ್ಮೆ ನೋಡಿದೆ, ನನ್ನ ಮೇಲೆ ನನಗೇ ಅಷ್ಟು ಗುಮಾನಿ. ಯಂತ್ರ ಟಕಟಕ ಶುರುಮಾಡಿತು. ಗಾಜಿನ ಆಚೆ ಅವರು ಅಲ್ಲಾಡದೆ ಮಲಗಿದ್ದರು. ಗೌರಿ ನನ್ನ ಪಕ್ಕದಲ್ಲಿ ನಿಂತಿದ್ದಳು, ಸಾಮಾನ್ಯವಾಗಿ ಅಲ್ಲಿ ಯಾರನ್ನೂ ಬಿಡುವುದಿಲ್ಲ. ಚಿತ್ರ ಒಂದೊಂದೇ ಪದರವಾಗಿ ಬಂದಿತು. ಬಲಭಾಗದಲ್ಲಿ ಚುಕ್ಕೆಯ ಸುತ್ತ ಹಾಲು ಚೆಲ್ಲಿದ ಹಾಗೆ ಬಿಳುಪು ಹರಡಿತ್ತು. ಆ ಪಕ್ಕದ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುಗೆರೆ ಎಡಕ್ಕೆ ಸರಿದಿತ್ತು, ಬಹಳವಲ್ಲ, ಗೊತ್ತಿಲ್ಲದವರಿಗೆ ಕಾಣುವಷ್ಟಲ್ಲ. ಅಳೆದೆ. ಎಷ್ಟು ಬಂದಿತೆಂದು ಹೇಳಬೇಕಾಗಿಲ್ಲ. ಗೌರಿ ಕೇಳಿದಳು, ನಾನು ಮೂರು ಬೆರಳು ತೋರಿಸಿ, ನಾಲ್ಕನೆಯದನ್ನು ಅರ್ಧ ಎತ್ತಿದೆ. "ಅಮ್ಮ ತಪ್ಪು ಹೇಳಿರ್ಲಿಲ್ಲ" ಎಂದಳು ಅವಳು. ನಿಜ. ಅಳತೆ ಸರಿಯಾಗಿಯೇ ಇತ್ತು.

ಡಾಕ್ಟರ್ ಮುನವ್ವರ್ ಊತ ಇಳಿಸುವ ಡ್ರಿಪ್ ಹಾಕಿಸಿದರು, ರಕ್ತದೊತ್ತಡದ ಔಷಧಿ ಬದಲಾಯಿಸಿದರು, ಮಂಚದ ತಲೆಭಾಗ ಎತ್ತರಿಸಿ ಇಡಲು ಹೇಳಿದರು. "ಇನ್ನೊಂದು ದಿನ ಮನೇಲಿ ಇದ್ದಿದ್ರೆ ಎಚ್ಚರ ತಪ್ತಾ ಇದ್ರು. ಆಮೇಲೆ ತಲೆ ತೆರೀಬೇಕಾಗ್ತಿತ್ತು, ಅದಕ್ಕೂ ಜಿಲ್ಲೆಗೆ ಹೋಗೋವರೆಗೆ ಇದ್ರೆ" ಎಂದು ಗೌರಿ ಇಲ್ಲದಾಗ ನನಗೆ ಹೇಳಿದರು. ನನಗೆ ಅಳು ಬಂತು. ಅವರು ಕರವಸ್ತ್ರ ಹುಡುಕಿದರು, ಸಿಗಲಿಲ್ಲ, ಹತ್ತಿಯ ಉಂಡೆ ಕೊಟ್ಟರು. ಅಂದೇ ನಾವಿಬ್ಬರೂ ಒಂದು ನಿಯಮ ಮಾಡಿಕೊಂಡೆವು: ಮೆದುಳಿನ ಚಿತ್ರವನ್ನು ಎರಡು ಸಲ ತೆಗೆಯುವುದು, ಅಂಕಿ ತುಂಬಿ ಒಂದು, ತುಂಬದೆ ಒಂದು. ಸಮಯ ಎರಡು ಪಟ್ಟು ಹಿಡಿಯುತ್ತದೆ. ಹೊರಗೆ ಕಾಯುವವರು ಗೊಣಗುತ್ತಾರೆ, ಗೊಣಗಲಿ.

ಊತ ಇಳಿಯಲು ಹನ್ನೊಂದು ದಿನ ಬೇಕಾಯಿತು. ಅಷ್ಟು ದಿನ ಗೌರಿ ಬಟ್ಟಲು ನೋಡಿ ಅಂಕಿ ಹೇಳಿದಳು. ಮೊದಲ ದಿನ ದನಿಯೇ ಹೊರಡಲಿಲ್ಲ. ಎರಡು ಸಲ ತಪ್ಪಿದಳು. ಎರಡೂ ಸಲ ಶೇಷಪ್ಪ ಹೋಟೆಲಿನಿಂದಲೇ "ಗೌರಮ್ಮಾ, ಇನ್ನೊಂದು ಸಲ ನೋಡಮ್ಮ, ಟೀ ಜಾರ್ತಿದೆ" ಎಂದು ಕೂಗಿದ. ಊರು ಮಗುಚಲಿಲ್ಲ. ಕೊನೆಯ ಚಿತ್ರದಲ್ಲಿ ಬಿಳುಪು ಹೋಗಿತ್ತು, ಮಡಿಕೆಗಳು ಬಿಡಿಸಿಕೊಂಡಿದ್ದವು. ನಡುಗೆರೆ ಮಾತ್ರ ಒಂದೇ ಒಂದು ಎಳೆಯಷ್ಟು ಸರಿದ ಜಾಗದಲ್ಲೇ ಉಳಿದಿತ್ತು. ಅದು ಇನ್ನು ಹಾಗೆಯೇ ಇರಬಹುದು, ತೊಂದರೆಯಿಲ್ಲ ಎಂದರು ಡಾಕ್ಟರ್. ಹೊಂಬಾಳಮ್ಮ ಚಿತ್ರ ತೋರಿಸು ಎಂದರು. ತೋರಿಸಿದೆ. ಬಟ್ಟಲು ನೋಡುವ ಹಾಗೆಯೇ ಉಸಿರು ಹಿಡಿದು ನೋಡಿದರು. "ಇದು ನನ್ನ ಕಣ್ಣಿಗೂ ಹತ್ತುತ್ತಾ?" ಎಂದು ಕೇಳಿದರು. ಹತ್ತಬಹುದು ಎಂದೆ. ಆ ದಿನ ಅವರ ಜೊತೆ ಆಟೋದ ತನಕ ನಡೆದು ಹೋಗುವಾಗ, ಇನ್ನು ಇವರು ಕಲ್ಲಿನ ಹತ್ತಿರ ಬರುವುದಿಲ್ಲ ಎಂದೇ ನಾನು ತಿಳಿದೆ. ಮನಸ್ಸಿಗೆ ತುಂಬ ಸಂಕಟವಾಯಿತು.

ಮರುದಿನ ಎಂಟು ಗಂಟೆಗೆ ಚಾವಡಿಯ ಮುಂದೆ ಎಂದಿಗಿಂತ ಹೆಚ್ಚು ಜನ ಸೇರಿದ್ದರು. ಹೊಂಬಾಳಮ್ಮ ಗೌರಿಯ ತೋಳು ಹಿಡಿದು ಬಂದರು. ಜನ ಅಭ್ಯಾಸದಂತೆ ಬಟ್ಟಲಿನಿಂದ ಮುಖ ತಿರುಗಿಸಿಕೊಂಡರು. ಗೌರಿ ತಿರುಗಿಸಿಕೊಳ್ಳಲಿಲ್ಲ. ಅಮ್ಮ ನೋಡಿದರು, ಮಗಳೂ ನೋಡಿದಳು. ಇಬ್ಬರೂ ಒಂದು ಸಲ ಪರಸ್ಪರ ಮುಖ ನೋಡಿಕೊಂಡರು. ಹೊಂಬಾಳಮ್ಮ ತಲೆ ಎತ್ತಿ, ಆ ಹಳೆಯ ದನಿಯಲ್ಲಿ, ಕೆರೆಯ ಏರಿಯ ತನಕ ಕೇಳುವಂತೆ ಹೇಳಿದರು: "ನನಗೆ ಕಾಣೋದು ಎಡಕ್ಕೆ ನಾಲ್ಕು. ಅದರಲ್ಲಿ ಒಂದು ನಂದು. ಊರಿಗೆ ಮೂರು." ಎಲ್ಲರೂ ಮನೆಗೆ ಹೋಗಿ ಮೂರು ಮೂರು ಬೆಣೆ ಇಟ್ಟರು, ಟೀ ಕದಲದೆ ನಿಂತಿತು. ನಾನು ಹೋಗಿ ಚೌಕದಲ್ಲಿ ಎಡ ಮೂರು ಎಂದು ತುಂಬಿದೆ. ಆಗಿನಿಂದ ದಿನವೂ ಅವರು ಅಂಕಿ ಹೇಳುವುದು ಹಾಗೆಯೇ. ಊರು ಸಮವಿರುವ ದಿನ "ನನಗೊಂದು, ಊರಿಗೇನಿಲ್ಲ" ಎನ್ನುತ್ತಾರೆ, ಆಮೇಲೆ ಮನೆಗೆ ಹೋಗಿ ತಮ್ಮ ಮಂಚದ ಎಡಗಾಲುಗಳಿಗೆ ಮಾತ್ರ ಒಂದೊಂದು ಬೆಣೆ ಇಟ್ಟುಕೊಂಡು ಮಲಗುತ್ತಾರೆ.